ವರ್ಟಿಯೋ-ನೆಟ್ ಬೇಕಾ, ಎಸ್‌ಆರ್-ಐಒವಿ ಬೇಕಾ?

ವಿಎಂಗೆ (ವರ್ಚುವಲ್ ಮೆಷಿನ್, ಅಂದರೆ ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್) ನೆಟ್‌ವರ್ಕ್ ಕೊಡಲು ಇವು ಎರಡು ದಾರಿಗಳು. ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಇನ್ನೊಂದು ಹೋಸ್ಟ್‌ಗೆ (ವಿಎಂ ಓಡಿಸುವ ನಿಜವಾದ ಯಂತ್ರಕ್ಕೆ) ಸಾಗಿಸಬೇಕಾ? ಹಾಗಿದ್ದರೆ ವರ್ಟಿಯೋ-ನೆಟ್, ಅಂದರೆ ವರ್ಚುವಲ್ ನೆಟ್‌ವರ್ಕ್ ಕಾರ್ಡ್, ಆರಿಸಿ. ಇಲ್ಲಿ ಡಿವೈಸ್ (ಈ ವರ್ಚುವಲ್ ಕಾರ್ಡ್) ತನ್ನ ಸಾಮರ್ಥ್ಯಗಳನ್ನು ಫೀಚರ್ ಬಿಟ್‌ಗಳಾಗಿ, ಅಂದರೆ ಇದೆ-ಇಲ್ಲ ಎಂಬ ಗುರುತುಗಳಾಗಿ, ಮುಂದಿಡುತ್ತದೆ. ಗೆಸ್ಟ್‌ನ (ವಿಎಂ ಒಳಗಿನ ಓಎಸ್‌ನ) ಡ್ರೈವರ್ ತನಗೆ ಗೊತ್ತಿರುವಷ್ಟನ್ನೇ ಒಪ್ಪುತ್ತದೆ. ಈ ಚೌಕಾಶಿ ಡ್ರೈವರ್ ಶುರುವಾಗುವಾಗ ಮಾತ್ರ. ರೀಸೆಟ್ ಆಗುವವರೆಗೆ ಬದಲಾಗುವುದಿಲ್ಲ. ಹೀಗಾಗಿ ಒಪ್ಪಿಕೊಂಡ ಒಂದು ಫೀಚರ್, ಉದಾಹರಣೆಗೆ ಟಿಎಸ್‌ಒ (ದೊಡ್ಡ ಟಿಸಿಪಿ ಡೇಟಾವನ್ನು ತುಂಡರಿಸುವ ಕೆಲಸವನ್ನು ಕಾರ್ಡ್‌ಗೆ ಬಿಡುವುದು), ಹೊಸ ಹೋಸ್ಟ್‌ನಲ್ಲಿ ಇಲ್ಲದಿದ್ದರೆ ಮೈಗ್ರೇಶನ್ (ಈ ಸಾಗಣೆ) ಕೈಕೊಡುತ್ತದೆ. ಹಳೆಯ, ಹೊಸ ಹೋಸ್ಟ್‌ಗಳು ಬೆರೆತಿದ್ದರೆ ಎಲ್ಲದರಲ್ಲೂ ಇರುವ ಫೀಚರ್‌ಗಳನ್ನಷ್ಟೇ ಆನ್ ಮಾಡಿ. ಸ್ವಲ್ಪ ವೇಗ ಹೋದರೂ ಪರವಾಗಿಲ್ಲ, ವಿಎಂ ನಿಲ್ಲಬಾರದು ಅಲ್ವಾ?

ಎಸ್‌ಆರ್-ಐಒವಿಯಲ್ಲಿ ಹೋಸ್ಟ್‌ನ ನಿಜವಾದ ನೆಟ್‌ವರ್ಕ್ ಕಾರ್ಡ್‌ನ ಒಂದು ಪಾಲು ನೇರವಾಗಿ ವಿಎಂಗೆ ಸಿಗುತ್ತದೆ. ಲೇಟೆನ್ಸಿ (ಡೇಟಾ ತಲುಪುವ ತಡ) ಕಡಿಮೆ. ಆದರೆ ಗೆಸ್ಟ್‌ಗೆ ಆ ಕಾರ್ಡ್‌ನ ಡ್ರೈವರ್ ಬೇಕು, ಸಾಗಿಸುವುದೂ ಕಷ್ಟ. ಕಡಿಮೆ ಲೇಟೆನ್ಸಿ, ಸುಲಭ ಸಾಗಣೆ ಎರಡೂ ಬೇಕಿದ್ದರೆ ವರ್ಟಿಯೋದ ಸ್ಟ್ಯಾಂಡ್‌ಬೈ ಫೀಚರ್ ನೋಡಿ: ಸಾಗಿಸುವಾಗ ಕಾರ್ಡ್‌ನ ಪಾಲನ್ನು ಕಳಚಿ, ಟ್ರಾಫಿಕ್ ವರ್ಟಿಯೋಗೆ ತಿರುಗುತ್ತದೆ.