ಕೊಡಗಿನ ಹೋಂಸ್ಟೇ: ಮಾಲೀಕರೇ ಬಡಿಸಿದರೆ ಟಿಪ್ಸ್ ಯಾರ ಕೈಗೆ?

ಬೆಳಿಗ್ಗೆ ಹತ್ತೂವರೆ. ಬ್ಯಾಗುಗಳು ಡಿಕ್ಕಿ ಸೇರಿವೆ. ಮನೆಯವರು ಜಗಲಿಯ ಮೇಜಿನ ಮೇಲೆ ರಸೀದಿ ಪುಸ್ತಕ ಬಿಡಿಸಿ, 'ಒಟ್ಟು 11,640 ಆಯ್ತು, 11,600 ಕೊಡಿ ಸಾಕು' ಅನ್ನುತ್ತಾರೆ. ಅತಿಥಿಯ ಬೆರಳು ಪರ್ಸಿನೊಳಗೆ ಐನೂರರ ನೋಟಿನ ಮೇಲೆ ನಿಂತಿದೆ. ಕೊಡದಿದ್ದರೆ ಜಿಪುಣ ಅಂದುಕೊಂಡಾರು, ಕೊಟ್ಟರೆ ಬೇಜಾರು ಮಾಡಿಕೊಂಡಾರು. ಇಷ್ಟರಲ್ಲಿ ಗಮನಕ್ಕೆ ಬಾರದ ಒಂದು ವಿಷಯ: ನಲವತ್ತು ರೂಪಾಯಿ ಬಿಟ್ಟವರು ಮಾಲೀಕರು. ಅಂದರೆ ಭಕ್ಷೀಸು ಆಗಲೇ ಆ ಕಡೆಯಿಂದ ಈ ಕಡೆಗೆ ಬಂದಾಗಿದೆ.

ಕಕ್ಕಬ್ಬೆ, ನಾಪೋಕ್ಲು, ಸುಂಟಿಕೊಪ್ಪ, ಗೋಣಿಕೊಪ್ಪದ ಸುತ್ತ ಕಾಫಿ ತೋಟದೊಳಗಿರುವ, ಮೂರು ನಾಲ್ಕು ಕೋಣೆಯ, ಮಾಲೀಕರೇ ನಿಂತು ನಡೆಸುವ ಹೋಂಸ್ಟೇಗಳ ಸೇವೆಯನ್ನು ತೂಗುವಾಗ ಈ ಕೊನೆಯ ಹತ್ತು ನಿಮಿಷವನ್ನೂ ತಕ್ಕಡಿಗೆ ಹಾಕಬೇಕು. ಊಟಕ್ಕೆ ಐದಕ್ಕೆ ಐದು ಕೊಡಬಹುದು. ಹಾಸಿಗೆ, ಬಿಸಿನೀರಿಗೆ ನಾಲ್ಕು. ಹಣದ ಮಾತಿನಲ್ಲಿ ಮಾತ್ರ ಎರಡಕ್ಕಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಅದರಲ್ಲಿ ಅರ್ಧ ತಪ್ಪು ಅತಿಥಿಗಳದ್ದೇ.

ಮೊದಲು ಊಟ, ಯಾಕೆಂದರೆ ಮಾಲೀಕರ ಶ್ರಮ ಎದ್ದು ಕಾಣುವುದು ಅಲ್ಲಿ. ಹಂದಿ ಮಾಂಸದ ಪಂದಿ ಕರಿ ಅರ್ಧ ಗಂಟೆಯ ಅಡುಗೆಯಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆಯನ್ನು ಕಪ್ಪಾಗುವವರೆಗೆ ಹುರಿದು ಪುಡಿ ಮಾಡಬೇಕು, ಮಾಂಸ ನಿಧಾನಕ್ಕೆ ಬೇಯಬೇಕು, ಕೊನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ರಸ ಬೀಳಬೇಕು. ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಇಲ್ಲವೇ ಒತ್ತು ಶಾವಿಗೆಯಂಥ ನೂಲ್‌ಪುಟ್ಟು. ಬೆಳಿಗ್ಗೆ ಅಕ್ಕಿ ರೊಟ್ಟಿ, ಅದು ಕಾವಲಿಯಿಂದ ನೇರ ತಟ್ಟೆಗೆ ಬಂದರೇ ರುಚಿ. ರಾತ್ರಿ ಎಂಟು ಜನ ಎಂದು ಹೇಳಿ ಐದು ಜನ ಬಂದರೆ ಆ ಮೂರು ಪಾಲಿನ ಮಾಂಸ, ಸೌದೆ, ಮಧ್ಯಾಹ್ನದ ದುಡಿಮೆ ಎಲ್ಲವೂ ಮಾಲೀಕರ ತಲೆಗೇ. ಆದ್ದರಿಂದ ಮಾಲೀಕರಿಗೆ ಏನಾದರೂ ಹೆಚ್ಚಿಗೆ ಕೊಡಬೇಕು ಅನ್ನಿಸಿದವರು ಮೊದಲು ಇದನ್ನು ಕೊಡಿ: ಹಿಂದಿನ ದಿನವೇ ಸರಿಯಾದ ತಲೆ ಲೆಕ್ಕ, ಯಾರು ಮಾಂಸ ತಿನ್ನುತ್ತಾರೆ ಯಾರು ತಿನ್ನುವುದಿಲ್ಲ, ಎಷ್ಟು ಗಂಟೆಗೆ ತಲುಪುತ್ತೀರಿ. ಐನೂರರ ನೋಟಿಗಿಂತ ಇದು ಅವರಿಗೆ ಹೆಚ್ಚು ಉಳಿಸುತ್ತದೆ.

ಇನ್ನು ಟಿಪ್ಸ್. ನಮ್ಮಲ್ಲಿ ಕೊಡುವುದಕ್ಕೆ ಎರಡು ಮಾತುಗಳಿವೆ. ಭಕ್ಷೀಸು ಮೇಲಿನಿಂದ ಕೆಳಗೆ ಬೀಳುವಂಥದ್ದು. ಮುಯ್ಯಿ ಸರೀಕರ ನಡುವೆ ಹೋಗಿ ಬರುವಂಥದ್ದು. ಸಂಬಳಕ್ಕೆ ದುಡಿಯುವವರಿಗೆ ಟಿಪ್ಸ್ ಕೊಟ್ಟರೆ ಯಾರಿಗೂ ಮುಜುಗರವಿಲ್ಲ. ತಮ್ಮ ಮನೆಯಲ್ಲಿ, ತಮ್ಮ ಊಟದ ಮೇಜಿನಲ್ಲಿ ಕೂರಿಸಿ ಬಡಿಸಿದವರ ಅಂಗೈಗೆ ನೋಟು ಮಡಚಿ ಇಟ್ಟರೆ ಅದು ಭಕ್ಷೀಸಾಗಿಬಿಡುತ್ತದೆ. ತಲೆಗೆ ಇಷ್ಟು ಎಂದು ದರ ಹೇಳಿದವರೂ ಅವರೇ, ಅದರಲ್ಲಿ ತಮ್ಮ ಲಾಭ ಸೇರಿಸಿಕೊಂಡವರೂ ಅವರೇ. ಆದ್ದರಿಂದ ಮಾಲೀಕರಿಗೆ ಟಿಪ್ಸ್ ಬೇಡ. 'ಚಿಲ್ಲರೆ ಇರಲಿ ಬಿಡಿ ಅಂಕಲ್' ಎಂದು 11,640ಕ್ಕೆ 11,700 ಕೊಡುವುದು ಬೇರೆ, ಅದು ಲೆಕ್ಕ ಸುಲಭ ಮಾಡಿದ್ದು ಅಷ್ಟೇ.

ಅಮೆರಿಕದ ಪದ್ಧತಿ ಓದಿಕೊಂಡು ಬಿಲ್ಲಿನ ಶೇಕಡಾ 20 ಎಂದು ಲೆಕ್ಕ ಹಾಕುವವರಿದ್ದಾರೆ. ಅಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 1991ರಿಂದಲೂ ಗಂಟೆಗೆ 2.13 ಡಾಲರ್, ಉಳಿದದ್ದು ಟಿಪ್ಸಿನಿಂದ ತುಂಬಬೇಕು. ಹಾಗಾಗಿಯೇ ಅದು ಅಲ್ಲಿ ಸಂಬಳದ ಭಾಗ. ಅಲ್ಲೂ ಕ್ಷೌರದಂಗಡಿಯ ಒಡೆಯರೇ ಕತ್ತರಿ ಹಿಡಿದರೆ ಟಿಪ್ಸ್ ಬೇಡ ಎಂಬುದು ಹಳೆಯ ರೂಢಿ, ಈಗ ಸಡಿಲಾಗಿದೆ. ಆದರೆ ಕೆಲಸಗಾರರ ಟಿಪ್ಸಿನಲ್ಲಿ ಮಾಲೀಕರು ಪಾಲು ತೆಗೆಯುವಂತಿಲ್ಲ ಎಂದು ಅಲ್ಲಿನ ಕೂಲಿ ಕಾನೂನಿನ 2018ರ ತಿದ್ದುಪಡಿ ಖಡಕ್ಕಾಗಿ ಹೇಳಿದೆ. ನಾವು ತೆಗೆದುಕೊಳ್ಳಬೇಕಾದದ್ದು ಈ ಎರಡನೆಯದನ್ನು.

ಯಾಕೆಂದರೆ ಇಲ್ಲಿ ಸೋರುವುದು ಅಲ್ಲೇ. ಮೇಜಿನ ಮೇಲಿನ ಕ್ಯೂಆರ್ ಕೋಡ್ ಮಾಲೀಕರ ಖಾತೆಯದ್ದು. 'ಹುಡುಗರಿಗೂ ಸೇರಿಸಿ ಹಾಕಿದೀನಿ' ಎಂದು ಫೋನ್‌ಪೇಯಲ್ಲಿ ಮುನ್ನೂರು ಹೆಚ್ಚಿಗೆ ಕಳಿಸಿದರೆ ಅದು ತಲೆಗೆ ಇಷ್ಟು ಎಂಬ ಬಾಡಿಗೆಯ ಜೊತೆ ಬೆರೆತುಹೋಗುತ್ತದೆ. ಮಾಲೀಕರು ಪ್ರಾಮಾಣಿಕರೇ ಇರಬಹುದು, ತಿಂಗಳ ಕೊನೆಗೆ ಯಾವ ಮುನ್ನೂರು ಯಾರದ್ದೆಂದು ನೆನಪಿರುವುದಿಲ್ಲ. 'ಸ್ಟಾಫ್ ಟಿಪ್ಸ್' ಎಂದು ಬರೆದ ಡಬ್ಬಿಯೂ ಅಷ್ಟೇ, ಬೀಗದ ಕೈ ಯಾರ ಬಳಿ ಇದೆ ಎಂಬುದರ ಮೇಲೆ ಅದರ ಬೆಲೆ. ನಗದೇ ಸರಿ, ನೇರ ಕೈಗೇ ಸರಿ. ತೋಟದೊಳಗೆ ನೆಟ್‌ವರ್ಕ್ ಕೈಕೊಡುವುದು ಮಾಮೂಲು, ಆದ್ದರಿಂದ ಮಡಿಕೇರಿ ಅಥವಾ ವಿರಾಜಪೇಟೆ ದಾಟುವ ಮೊದಲೇ ನೂರರ ಆರೇಳು ನೋಟು, ಐವತ್ತರ ನಾಲ್ಕು ನೋಟು ಮಾಡಿಸಿಟ್ಟುಕೊಳ್ಳಿ.

ಯಾರಿಗೆ? ಕಣ್ಣಿಗೆ ಬೀಳದವರಿಗೆ ಮೊದಲು. ಏಳು ಗಂಟೆಗೆ ನಲ್ಲಿಯಲ್ಲಿ ಸುಡುವ ನೀರು ಬಂತೆಂದರೆ ಐದೂವರೆಗೆ ಯಾರೋ ಎದ್ದು ಸೌದೆ ಬಾಯ್ಲರಿಗೆ ಬೆಂಕಿ ಹಾಕಿದ್ದಾರೆ. ಮಳೆಗಾಲದಲ್ಲಿ ಒದ್ದೆ ಸೌದೆ ಹೊತ್ತಿಸುವುದು ಎಂಥ ಕಷ್ಟ ಎಂದು ಊದುಕೊಳವೆ ಹಿಡಿದವರಿಗೇ ಗೊತ್ತು. ಪಾತ್ರೆ ತೊಳೆದವರು, ಹೊದಿಕೆ ಒಗೆದವರು, ರಾತ್ರಿ ಕ್ಯಾಂಪ್‌ಫೈರ್ ಮುಂದೆ ಹನ್ನೊಂದರವರೆಗೆ ನಿಂತವರು. ಬಹಳ ಕಡೆ ಇವರು ಅಸ್ಸಾಂ, ಬಂಗಾಳದಿಂದ ಬಂದು ತೋಟದ ಕೆಲಸದವರ ಲೈನ್ ಮನೆಯಲ್ಲಿರುವವರು; ಊಟದ ಮೇಜಿನ ಹತ್ತಿರ ಬರುವುದೇ ಇಲ್ಲ. ಒಂದು ಕೋಣೆಗೆ, ಒಂದು ರಾತ್ರಿಗೆ ನೂರು ರೂಪಾಯಿ ಹಿಡಿದರೆ ನ್ಯಾಯವಾದ ಲೆಕ್ಕ. ಎರಡು ಕೋಣೆ, ಎರಡು ರಾತ್ರಿ ಎಂದರೆ ನಾನೂರು: ಅಡುಗೆಗೆ ಸಹಾಯ ಮಾಡಿದವರಿಗೆ ಇನ್ನೂರು, ಉಳಿದ ಇಬ್ಬರಿಗೆ ನೂರು ನೂರು.

ಕೊಡುವ ಹೊತ್ತು ತಪ್ಪಿಸಿಕೊಳ್ಳುವವರೇ ಹೆಚ್ಚು. ಹೊರಡುವಾಗ ಕೊಡೋಣ ಎಂದರೆ ಆ ಹೊತ್ತಿಗೆ ಅವರು ಇರುವುದಿಲ್ಲ. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ಆಮೇಲೆ ರೋಬಸ್ಟಾ; ಆ ತಿಂಗಳುಗಳಲ್ಲಿ ಎಂಟು ಗಂಟೆಗೆಲ್ಲ ಕೆಲಸದವರು ತೋಟದಲ್ಲಿ. ಹಿಂದಿನ ರಾತ್ರಿ ಊಟವಾದ ಮೇಲೆ ಹಿತ್ತಲ ಅಡುಗೆಮನೆಯ ಬಾಗಿಲಿಗೆ ಹೋಗಿ ಕೊಟ್ಟುಬಿಡಿ.

ಇಲ್ಲಿ ಒಂದು ಗುಂಡಿ ಇದೆ. ಹಳೆ ಸೀರೆ ಉಟ್ಟು, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡು ರೊಟ್ಟಿ ತಟ್ಟುತ್ತಿರುವವರು ಕೆಲಸದವರು ಎಂದುಕೊಂಡು ನೂರು ರೂಪಾಯಿ ಚಾಚಿದರೆ, ಅವರು ಮಾಲೀಕರ ಅತ್ತಿಗೆಯೋ, ಐವತ್ತು ಎಕರೆ ತೋಟದ ಯಜಮಾನಿಯೋ ಆಗಿರಬಹುದು. ಮೊದಲು ಊಟದ ಮೇಜಿನಲ್ಲೇ ಕೇಳಿ: 'ರೊಟ್ಟಿ ಯಾರು ಮಾಡಿದ್ದು ಆಂಟಿ? ಅವರಿಗೊಂದು ಮಾತು ಹೇಳಬೇಕಿತ್ತು.' 'ನಾನೇ' ಅಥವಾ 'ನಮ್ಮ ಅತ್ತಿಗೆ' ಎಂದರೆ ನೋಟು ಜೇಬಿನಲ್ಲೇ ಇರಲಿ, ಮಾತು ಹೇಳಿ ಸಾಕು. ಕೆಲಸದವರ ಹೆಸರು ಹೇಳಿದರೆ ಆ ಹೆಸರು ಹಿಡಿದೇ ಕರೆದು ಕೊಡಿ. ಅವರು ಸಿಗದಿದ್ದರೆ ಲಕೋಟೆಯ ಮೇಲೆ ಹೆಸರು, ಮೊತ್ತ ಬರೆದು ಮಾಲೀಕರ ಕೈಗೆ. ಮೊತ್ತ ಬರೆದದ್ದು ಅನುಮಾನಕ್ಕಲ್ಲ, ಮರೆವಿಗೆ.

ಲೀಸಿಗೆ ಹಿಡಿದು ನಡೆಸುವವರೂ ಬೇಕಾದಷ್ಟು ಜನ. ಬೋರ್ಡಿನಲ್ಲಿ ಐನ್‌ಮನೆಯ, ಅಂದರೆ ಕೊಡವರ ಮೂಲಮನೆಯ ಚಿತ್ರ ಇರುತ್ತದೆ, ಒಳಗೆ ತಿಂಗಳ ಸಂಬಳದ ಮ್ಯಾನೇಜರ್ ಇರುತ್ತಾನೆ. ಅವನಿಗೆ ಕೊಡಬಹುದು. ಇಂಥ ಕಡೆ ಬಿಲ್ಲಿನ ಕೆಳಗೆ 'ಸರ್ವಿಸ್ ಚಾರ್ಜ್ ಶೇ. 10' ಎಂದು ಸದ್ದಿಲ್ಲದೆ ಕೂತಿರುವುದುಂಟು. ಹೋಟೆಲು, ರೆಸ್ಟೋರೆಂಟುಗಳು ಊಟದ ಬಿಲ್ಲಿಗೆ ಇದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. 'ಇದನ್ನು ತೆಗೀರಿ, ಕೆಲಸದವರಿಗೆ ನಾವೇ ಕೊಟ್ಟಿದ್ದೇವೆ' ಎಂದರೆ ಮುಗಿಯಿತು. ಮುಗಿಯದಿದ್ದರೆ ಗ್ರಾಹಕ ಸಹಾಯವಾಣಿ 1915.

ಮಾಲೀಕರು ಒಪ್ಪಿದ್ದಕ್ಕಿಂತ ಹೆಚ್ಚು ಮಾಡುವ ಸಂದರ್ಭ ಬೇರೆ. ರಾತ್ರಿ ಮಗುವಿಗೆ ಜ್ವರ ಬಂತೆಂದು ತಮ್ಮ ಜೀಪಿನಲ್ಲೇ ಮಡಿಕೇರಿಗೆ ಕರೆದೊಯ್ದರು, ತಡಿಯಂಡಮೋಳ್ ಹತ್ತುವ ದಾರಿಯ ಬುಡದವರೆಗೆ ಬಿಟ್ಟು ಬಂದರು. ಆಗ 'ಎಷ್ಟು ಕೊಡಲಿ' ಎಂದು ಕೇಳಬೇಡಿ, 'ಡೀಸೆಲ್ಲಿಗೆ ಎಷ್ಟಾಯ್ತು ಹೇಳಿ ಅಂಕಲ್, ಬಿಲ್ಲಿಗೆ ಸೇರಿಸಿ' ಅನ್ನಿ. ಖರ್ಚು ತೆಗೆದುಕೊಳ್ಳಲು ಅವರಿಗೆ ಸಂಕೋಚವಿಲ್ಲ. ಬೇಡ ಎಂದರೆ ಎರಡನೇ ಸಲ ಒತ್ತಾಯ ಬೇಡ; ಮುಯ್ಯಿಯ ದಾರಿ ಹಿಡಿಯಿರಿ. ಅವರ ತೋಟದ ಕಾಫಿ ಪುಡಿ ಅರ್ಧ ಕಿಲೋ, ಮೆಣಸು ಕಾಲು ಕಿಲೋ ಚೌಕಾಸಿ ಮಾಡದೆ ಕೊಳ್ಳಿ. ಚಿಕೋರಿ ಬೆರೆಸಿದ್ದೇ, ಯಾವಾಗ ಹುರಿದದ್ದು ಎಂದು ಕೇಳಿಯೇ ಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಮುಂದಿನ ಸಲ ಬುಕಿಂಗ್ ಆ್ಯಪ್ ಬಿಟ್ಟು ನೇರ ಫೋನ್ ಮಾಡಿದರೆ ಕಮಿಷನ್ ಅವರಿಗೇ ಉಳಿಯುತ್ತದೆ. ಮಕ್ಕಳು, ಹಿರಿಯರು ಇರುವ ಮನೆಗೆ ಮೈಸೂರಿನಿಂದ ಒಂದು ಪೊಟ್ಟಣ ಮೈಸೂರು ಪಾಕ್ ತಂದರೆ ಬಿಲ್ಲಿನ ಮಾತಿಗೆ ಮುಂಚೆಯೇ ಮಾತು ಮೆತ್ತಗಾಗುತ್ತದೆ.

ಮಾಂದಲಪಟ್ಟಿಯ ಬೆಟ್ಟ ಹತ್ತಿಸುವ ಜೀಪಿನದ್ದು ಮಾತ್ರ ಬೇರೆ ಧರ್ಮ. ಅಲ್ಲಿ ಬಾಡಿಗೆ ಜೀಪಿಗೆ ಇಷ್ಟೆಂದು ಮೊದಲೇ ನಿಗದಿ, ಚಾಲಕರಲ್ಲಿ ಕೆಲವರದ್ದು ಸ್ವಂತ ಗಾಡಿ, ಕೆಲವರು ದಿನಗೂಲಿಗೆ ಓಡಿಸುವವರು. ಹತ್ತುವಾಗಲೇ ಲೋಕಾಭಿರಾಮವಾಗಿ 'ಜೀಪು ನಿಮ್ದೇನಾ ಅಣ್ಣ?' ಎಂದು ಕೇಳಿ. ಸ್ವಂತದ್ದಾದರೆ ಹೇಳಿದ ಬಾಡಿಗೆಯನ್ನು ಕಿತ್ತಾಡದೆ ಕೊಟ್ಟರಾಯಿತು, ಕೆಳಗೆ ಬಂದ ಮೇಲೆ ಒಟ್ಟಿಗೆ ಒಂದು ಕಾಫಿ. ಕೂಲಿಯವರಾದರೆ, ಆ ಕಲ್ಲು ದಾರಿಯಲ್ಲಿ ಸೊಂಟ ಮುರಿಯದಂತೆ ಇಳಿಸಿದ್ದಕ್ಕೆ ತಲೆಗೆ ಇಪ್ಪತ್ತು ಒಟ್ಟು ಮಾಡಿ ಕೈಗೆ ಕೊಡಿ, ಜೀಪಿನ ಮಾಲೀಕರು ಬಾಡಿಗೆ ಎಣಿಸಲು ಬರುವ ಮೊದಲೇ.