ಲಾಗ್ ಪಾಠಕ್ಕೆ ಪೂರ್ಣಾಂಕ, ಶಟರ್ ಪಾಠಕ್ಕೆ ಅರ್ಧ ಅಂಕ

ಡಿಜಿಟಲ್ ಛಾಯಾಗ್ರಹಣದ ತಾಂತ್ರಿಕ ತಳಹದಿಯನ್ನು ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಈಚೆಗೆ ಮುಗಿಸಿದೆ. ಕ್ಯಾಮೆರಾ ಹಿಡಿದು ಕೆಲವು ವರ್ಷಗಳಾಗಿದ್ದರೂ, ಲಾಗ್ (ಬೆಳಕಿನ ಮಟ್ಟಗಳನ್ನು ಲಾಗರಿದಮ್ ಲೆಕ್ಕದಲ್ಲಿ ದಾಖಲಿಸುವ ವಿಧಾನ) ಎಂದರೆ ಮಂಕಾಗಿ ಕಾಣುವ, ಆಮೇಲೆ ಬಣ್ಣ ಸರಿಪಡಿಸಿಕೊಳ್ಳಬೇಕಾದ ಚಿತ್ರ ಎಂಬಷ್ಟೇ ನನ್ನ ತಿಳಿವಳಿಕೆಯಾಗಿತ್ತು.

ಲಾಗ್ ಪಾಠ ಒಂದು ಸರಳ ಲೆಕ್ಕದಿಂದ ಶುರುವಾಗುತ್ತದೆ. ಸೆನ್ಸರಿನ ಎಣಿಕೆಯಲ್ಲಿ ಬೆಳಕು ಇಮ್ಮಡಿಯಾದರೆ ಅಂಕಿಯೂ ಇಮ್ಮಡಿಯಾಗುತ್ತದೆ. ಹೀಗಾಗಿ 12 ಬಿಟ್‌ನ 4096 ಹಂತಗಳಲ್ಲಿ ಅತ್ಯಂತ ಪ್ರಖರವಾದ ಒಂದೇ ಸ್ಟಾಪ್ (ಬೆಳಕು ಇಮ್ಮಡಿಯಾಗುವ ಒಂದು ಮೆಟ್ಟಿಲು) 2048 ಹಂತಗಳನ್ನು ನುಂಗಿಬಿಡುತ್ತದೆ, ಅದರ ಕೆಳಗಿನದಕ್ಕೆ 1024 ಸಿಗುತ್ತದೆ, ಎಂಟನೆಯ ಸ್ಟಾಪಿಗೆ ಇಳಿಯುವ ಹೊತ್ತಿಗೆ ಉಳಿಯುವುದು ಬರೀ 16. ಕಡುನೆರಳಿನ ವಿವರಗಳೆಲ್ಲ ಇಷ್ಟರಲ್ಲೇ ಅಡಗಬೇಕು. ಲಾಗ್ ಪ್ರತಿ ಸ್ಟಾಪಿಗೂ ಹೆಚ್ಚುಕಡಿಮೆ ಸಮಪಾಲು ಹಂಚುವುದರಿಂದಲೇ 10 ಬಿಟ್‌ನ 1024 ಹಂತಗಳಲ್ಲಿ ಅಷ್ಟು ದೊಡ್ಡ ಬೆಳಕಿನ ವ್ಯಾಪ್ತಿ ಹಿಡಿಸುತ್ತದೆ. ಅದೇ ಲಾಗನ್ನು 8 ಬಿಟ್‌ನ 256 ಹಂತಗಳಿಗೆ ತುರುಕಿದಾಗ ಆಕಾಶದಲ್ಲಿ ಪಟ್ಟೆಗಳೇಳುವುದೇಕೆ ಎಂಬ ನನ್ನ ಹಳೆಯ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು.

ಕ್ಯಾಮೆರಾದ ಬೆಳಕಿನ ಸಂವೇದನೆಯ ಅಂಕಿ ಎನಿಸಿಕೊಂಡ ಐಎಸ್‌ಒ ಕುರಿತ ಪಾಠ ಇನ್ನೂ ಚೆನ್ನಾಗಿದೆ. ಕಿಟಕಿಗೆ ಬೆನ್ನು ಮಾಡಿ ಕುಳಿತ ವ್ಯಕ್ತಿಯನ್ನು, ಒಳಬರುವ ಬೆಳಕನ್ನು ನಿಯಂತ್ರಿಸುವ ಅಪರ್ಚರ್ ಮತ್ತು ಶಟರ್ ಬದಲಿಸದೆ, ಐಎಸ್‌ಒ 800ರಲ್ಲೂ 3200ರಲ್ಲೂ ರಾ ಆಗಿ (ಸೆನ್ಸರಿನ ಕಚ್ಚಾ ದತ್ತಾಂಶವಾಗಿ) ಚಿತ್ರೀಕರಿಸಿ ತೋರಿಸುತ್ತಾರೆ. ಆ ಕ್ಯಾಮೆರಾದಲ್ಲಿ ಕಿಟಕಿ ಸುಟ್ಟುಹೋಗುವ (ವಿವರವಿಲ್ಲದೆ ಬರೀ ಬಿಳಿಯಾಗುವ) ಬಿಂದು ಎರಡರಲ್ಲೂ ಒಂದೇ. ಅಂದರೆ ಸೆನ್ಸರಿನ ಗ್ರಹಣಶಕ್ತಿ ಬದಲಾಗಿಲ್ಲ, ಮಧ್ಯಮ ಬೂದು (ಚಿತ್ರದ ನಡುಮಟ್ಟದ ಬೆಳಕು) ಎಲ್ಲಿ ಕೂರಬೇಕೆಂಬುದು ಮಾತ್ರ ಬದಲಾಗಿದೆ. ಐಎಸ್‌ಒ ಏರಿಸಿ ಅದಕ್ಕೆ ತಕ್ಕಂತೆ ಬೆಳಕು ತಗ್ಗಿಸಿದರೆ ಕಿಟಕಿ ಉಳಿಯುತ್ತದೆ, ಆದರೆ ನೆರಳಿನಲ್ಲಿ ನಾಯ್ಸ್ (ಚುಕ್ಕೆಚುಕ್ಕೆಯಂಥ ಕಲೆ) ಹೆಚ್ಚುತ್ತದೆ. ಮಾತಿನಲ್ಲಿ ಎಷ್ಟು ವಿವರಿಸಿದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಇಷ್ಟು ಶ್ರದ್ಧೆ ಶಟರ್ ಪಾಠದಲ್ಲಿ ಕಾಣುವುದಿಲ್ಲ. ಸೆಕೆಂಡಿಗೆ 24 ಫ್ರೇಮಿದ್ದರೆ ಶಟರ್ ಕೋನ (ಒಂದು ಫ್ರೇಮಿನ ಅವಧಿಯನ್ನು 360 ಡಿಗ್ರಿ ಎಂದುಕೊಂಡರೆ ಶಟರ್ ತೆರೆದಿರುವ ಪಾಲು) 180 ಡಿಗ್ರಿ, ಅಂದರೆ ಸೆಕೆಂಡಿನ 48ನೇ ಒಂದು ಭಾಗ ಎಂದು ಹೇಳಿ ಮುಂದೆ ಹೋಗುತ್ತಾರೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅಲ್ಲಿ 172.8 ಡಿಗ್ರಿಗೆ ಇಳಿಸಿ 50ನೇ ಒಂದು ಭಾಗಕ್ಕೆ ತಂದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಕ್ಕಿ ಫ್ಲಿಕರ್ ನಿಲ್ಲುತ್ತದೆ ಎಂಬುದನ್ನು ಹೊಸಬರಿಗೆ ಹೇಳಲೇಬೇಕಿತ್ತು. ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಕಡಿಮೆ ವಿವರದಲ್ಲಿ ಉಳಿಸುವುದು) ಕೂಡ ಹೆಸರಿಗಷ್ಟೇ ಬಂದುಹೋಗುತ್ತದೆ.

ಅಭ್ಯಾಸಕ್ಕೆಂದು ಕಿಟಕಿ ದೃಶ್ಯದ ಎರಡೂ ರಾ ಫೈಲುಗಳನ್ನು ಕೊಟ್ಟಿದ್ದಾರೆ. ಕೋರ್ಸ್ ಸೇರುವವರು ಐಎಸ್‌ಒ ಪಾಠವನ್ನು ಸುಮ್ಮನೆ ನೋಡದೆ, ಆ ಫೈಲುಗಳನ್ನು ಪಕ್ಕದಲ್ಲಿ ತೆರೆದಿಟ್ಟು ವೇವ್‌ಫಾರ್ಮ್ (ಚಿತ್ರದ ಬೆಳಕಿನ ಮಟ್ಟ ತೋರಿಸುವ ನಕ್ಷೆ) ಗಮನಿಸುತ್ತಲೇ ನೋಡುವುದು ಒಳ್ಳೆಯದು.