ಮಿಗ್-21ಕ್ಕೆ ರೆಸಿನ್ ಭಾಗಗಳು: ಸೀಟು, ಚಕ್ರ ತಗೊಳ್ಳಿ, ಕಾಲು ಬೇಡ

ಮಿಗ್-21 ಯುದ್ಧವಿಮಾನದ ಪುಟ್ಟ ಮಾದರಿ ಕಟ್ಟುವ ಕಿಟ್‌ನ ಪ್ಲಾಸ್ಟಿಕ್ ಸೀಟು ಹೇಗಿರುತ್ತದೆ ಅಂತ ಗೊತ್ತಲ್ವಾ? ಬೆಲ್ಟ್ ಹೆಸರಿಗೆ ಎರಡು ಗೆರೆ, ದಿಂಬಿನ ಹೆಸರಿಗೆ ಒಂದು ಉಬ್ಬು. ಆ ಜಾಗಕ್ಕೆ ರೆಸಿನ್ ಸೀಟು (ದ್ರವ ರಾಳವನ್ನು ಅಚ್ಚಿಗೆ ಎರೆದು ಮಾಡಿ, ಬೇರೆಯಾಗಿ ಮಾರುವಂಥದ್ದು) ಕೂರಿಸಿದರೆ ವಿಮಾನಕ್ಕೇ ಬೇರೆ ಕಳೆ ಬರುತ್ತದೆ. 1/48 ಅಳತೆಯ, ಅಂದರೆ ನಿಜದ್ದರ 48ರಲ್ಲಿ ಒಂದು ಪಾಲಿನ ಮಿಗ್-21 ಸುಮಾರು 30 ಸೆಂಟಿಮೀಟರ್ ಉದ್ದ. ನೋಡುವವರ ಕಣ್ಣು ಮೊದಲು ಹೋಗುವುದು ಕಾಕ್‌ಪಿಟ್ ಕಡೆಗೇ.

ನಾನು ಹೆಚ್ಚಾಗಿ ಬಳಸುವುದು ಚೆಕ್ ದೇಶದ ಸೆಟ್‌ಗಳನ್ನು. ಎಡುವಾರ್ಡ್‌ನವರ ಬ್ರಾಸಿನ್, ಏರೆಸ್, ಸಿಎಂಕೆ ಎಲ್ಲ ಅಲ್ಲಿಯವೇ. ಮಂಗಳೂರಿನ ಬಿಜೈಯ ನಮ್ಮ ಮನೆಯ ಕಪಾಟಿನಲ್ಲಿ ಹಲವು ಮಳೆಗಾಲ ಕಳೆದ ವಿಮಾನಗಳಿವೆ. ಹೊಸದರಲ್ಲಿ ಎಲ್ಲವೂ ಚಂದವೇ. ಹಳತಾದ ಮೇಲೆ ಎಂತ ಆಗುತ್ತದೆ ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥ ಪದಾರ್ಥ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಎರೆಯುವಾಗ ಭಾಗದ ಕೆಳಗೆ ಉಳಿದ ರೆಸಿನ್ ಬ್ಲಾಕನ್ನು ಸಣ್ಣ ಗರಗಸದಿಂದ ಕೊಯ್ಯುವಾಗ ಒಂದು ಮಿಲಿಮೀಟರ್ ಬಿಟ್ಟು ಕೊಯ್ಯಿರಿ. ಉಳಿದದ್ದನ್ನು ಉಪ್ಪುಕಾಗದದ ಮೇಲೆ ನೀರು ಹಾಕಿಕೊಂಡು ಉಜ್ಜಿ. ಒಣಗಿದ ರೆಸಿನ್ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಬೇಕೇ ಬೇಕು.

ಬಣ್ಣ ಬಳಿಯುವುದೇ ಇದರ ನಿಜವಾದ ಖುಷಿ. ಕೊನೆ ಕಾಲದ ಮಿಗ್-21ಗಳಲ್ಲಿ ಇದ್ದದ್ದು ಕೆಎಂ-1 ಸೀಟು. ಕಾಕ್‌ಪಿಟ್ ಒಳಗೆಲ್ಲ ಸೋವಿಯತ್‌ನವರ ಆ ವಿಚಿತ್ರ ನೀಲಿ ಬೆರೆತ ಹಸಿರು. ನಾನು ಸೀಟಿಗೆ ಮೊದಲು ಕಪ್ಪು ಪ್ರೈಮರ್ ಹೊಡೆಯುತ್ತೇನೆ. ಮೇಲೆ ಕಡು ಬೂದು, ಬೆಲ್ಟಿಗೆ ಮಾಸಲು ಖಾಕಿ. ಆಮೇಲೆ ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕುಂಚವನ್ನು ಅಂಚುಗಳ ಮೇಲೆ ಹಗುರಾಗಿ ಆಡಿಸಬೇಕು. ಬೆಲ್ಟಿನ ಬಕಲು, ಹೊಲಿಗೆಯ ಸಾಲು, ಚರ್ಮದ ಸುಕ್ಕು ಒಂದೊಂದಾಗಿ ಎದ್ದು ಬರುತ್ತವೆ. ಪ್ಲಾಸ್ಟಿಕ್ ಸೀಟಿನಲ್ಲಿ ಎಷ್ಟು ಗುದ್ದಾಡಿದರೂ ಇದು ಬರುವುದಿಲ್ಲ, ಅಲ್ಲಿ ಎದ್ದು ಬರಲು ಏನಾದರೂ ಇರಬೇಕಲ್ಲ!

ಆಟಿ ತಿಂಗಳ ಮಳೆಯಲ್ಲಿ ಮಾತ್ರ ಜಾಗ್ರತೆ ಮಾರಾಯ್ರೆ. ಲ್ಯಾಕರ್ ಬಣ್ಣ ಸ್ಪ್ರೇ ಮಾಡಿದರೆ ಮೇಲೆ ಬಿಳಿ ಮಂಕು ಕಟ್ಟುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಇದಕ್ಕೆ ಕಾರಣ. ಕಂಪ್ರೆಸರ್ ಪೈಪಿನಲ್ಲೂ ನೀರು ಸೇರಿ ಬಣ್ಣದ ಜೊತೆ ಉಗುಳುತ್ತದೆ. ಮಳೆಗಾಲಕ್ಕೆ ಅಕ್ರಿಲಿಕ್ ಮತ್ತು ಕುಂಚವೇ ವಾಸಿ. ಒಣಗಲು ಸಮಯ ಜಾಸ್ತಿ ಬೇಕು, ಅಷ್ಟೆ.

ಅಂಟಿನ ವಿಷಯವೂ ಹಾಗೆಯೇ. ಪ್ಲಾಸ್ಟಿಕ್ ಕಿಟ್‌ನ ಸಿಮೆಂಟ್ ರೆಸಿನ್ನನ್ನು ಕರಗಿಸುವುದಿಲ್ಲ, ಸೂಪರ್ ಗ್ಲೂ ಬೇಕು. ತೇವದ ಹವೆಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಗಟ್ಟಿಯಾಗುತ್ತದೆ. ಅದರ ಆವಿ ಕ್ಯಾನೊಪಿಗೆ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ತಾಗಿದರೆ ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ. ಒಳಗಿನ ಅಂಟು ಪೂರ್ತಿ ಆರಿದ ಮೇಲಷ್ಟೇ ಕ್ಯಾನೊಪಿ ಕೂರಿಸಿ, ಅದೂ ಫೆವಿಕಾಲ್‌ನಲ್ಲಿ. ಭಾರದ ಭಾಗಕ್ಕೆ ಅರಾಲ್ಡೈಟ್ ಒಳ್ಳೆಯದು. ಸೂಪರ್ ಗ್ಲೂ ಹಾಕಿದ ಕೀಲು ಒಂದು ಪೆಟ್ಟಿಗೆ ಟಪ್ ಅಂತ ಬಿಡುತ್ತದೆ.

ಚಕ್ರಗಳಿಗೆ ಪೂರ್ತಿ ಅಂಕ. ಒಂದೇ ತುಂಡು, ನಡುವೆ ಜೋಡಿಸಿದ ಗೆರೆಯಿಲ್ಲ. ವಿಮಾನದ ಭಾರಕ್ಕೆ ಟೈರಿನ ಅಡಿ ಸ್ವಲ್ಪ ಚಪ್ಪಟೆಯಾದ ಹಾಗೆ ಮಾಡಿರುತ್ತಾರೆ. ಸೋವಿಯತ್ ವಿಮಾನಗಳ ಚಕ್ರದ ನಡುಭಾಗ ಹಸಿರು, ಅದನ್ನು ಮರೆಯಬೇಡಿ. ಆದರೆ ರೆಸಿನ್ ಲ್ಯಾಂಡಿಂಗ್ ಗೇರ್ ಕಾಲುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಒಂದು ಕಂಪನಿಯ ಕಾಲುಗಳು ನಮ್ಮ ಏಪ್ರಿಲ್ ಸೆಕೆಗೆ ಮೆಲ್ಲ ಬಾಗಿ ವಿಮಾನ ಒಂದು ಬದಿಗೆ ವಾಲಿತು. ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿದೆ, ಮರುವರ್ಷ ಮತ್ತೆ ಅದೇ ಕಥೆ. ಕಾಲಿಗೆ ಲೋಹದ್ದೇ ಸರಿ.

ಇಡೀ ಕಾಕ್‌ಪಿಟ್ ಸೆಟ್ಟಿಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ. ಒಳಗಿನ ಪ್ಲಾಸ್ಟಿಕ್ಕನ್ನು ಕಾಗದದಷ್ಟು ತೆಳ್ಳಗೆ ತೀಡಬೇಕು, ಇಲ್ಲದಿದ್ದರೆ ಒಡಲಿನ ಎರಡು ಹೋಳು ಕೂಡುವುದೇ ಇಲ್ಲ. ಕ್ಯಾನೊಪಿ ಮುಚ್ಚಿದ ಮೇಲೆ ಅಕ್ಕಪಕ್ಕದ ಸ್ವಿಚ್ಚುಗಳು ಯಾರಿಗೆ ಕಾಣುತ್ತವೆ? ಈಗ ಬರುವ 3ಡಿ ಪ್ರಿಂಟ್ ಸೀಟುಗಳು ಇನ್ನೂ ಸೂಕ್ಷ್ಮ, ಬ್ಲಾಕ್ ಕೊಯ್ಯುವ ರಗಳೆಯಿಲ್ಲ. ಆದರೆ ಪ್ರಿಂಟ್ ಆಗುವಾಗ ಭಾಗವನ್ನು ಹಿಡಿದಿಡುವ ಆಸರೆ ಕಡ್ಡಿ ಕತ್ತರಿಸುವಾಗ ತೆಳು ಹಿಡಿಗಳು ಬೇಗ ಮುರಿಯುತ್ತವೆ.

1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21ನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. ಅದನ್ನು ಕಟ್ಟುವ ಆಸೆ ಇದ್ದವರು ಸೀಟು, ಚಕ್ರ ಒಟ್ಟಿಗೇ ತರಿಸಿ. ಬೇರೆ ಬೇರೆ ತರಿಸಿದರೆ ಅಂಚೆ ಖರ್ಚು ಎರಡೆರಡು ಸಲ, ಕಸ್ಟಮ್ಸ್ ಸುಂಕ ಬೇರೆ. ಪೊಟ್ಟಣ ಬಿಚ್ಚಿದ ಕೂಡಲೇ ಎಲ್ಲ ಎಣಿಸಿಕೊಳ್ಳಿ. ಒಮ್ಮೆ ನನಗೆ ಮೂತಿಯ ಚಕ್ರವೇ ಬಂದಿರಲಿಲ್ಲ. ಫೋಟೊ ಕಳಿಸಿದ ಮೇಲೆ ಮಾರಿದವರು ತಕರಾರಿಲ್ಲದೆ ಇನ್ನೊಂದು ಕಳಿಸಿದರು, ಅಂಚೆ ಖರ್ಚೂ ಅವರದೇ.